ಲೇಖಕನ ವಾರದ ಲೆಕ್ಕ



ಕತೆ, ಲೇಖನಗಳನ್ನು ಬರೆಯುವವರನ್ನು ಕಂಡಾಗ ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆಯೊಂದುಂಟು: “ನಿಮಗೆ ಬರೆಯಲು ಹೊತ್ತು ಎಲ್ಲಿಂದ ದೊರೆಯುತ್ತದೆ?” ಈಚೆಗೆ ಅದರೊಡನೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: “ಹೊಸ ಹೊಸ ಸಾಮಾಜಿಕ ಜಾಲತಾಣಗಳಲ್ಲಿಯೂ ಇದ್ದು, ಬರೆಹವನ್ನೂ ಮುಂದುವರಿಸುವುದು ಹೇಗೆ?” ಈ ಎರಡು ಪ್ರಶ್ನೆಗಳ ಮೂಲ ಒಂದೇ. ನಮ್ಮ ವಾರವನ್ನು ನಾವು ಹೇಗೆ ವೆಚ್ಚಮಾಡುತ್ತೇವೆ ಎಂಬುದೇ ಆ ಮೂಲ.

ಲೇಖಕನೆಂದರೆ ಸ್ಫೂರ್ತಿ ಬರುವವರೆಗೆ ಕಿಟಕಿಯ ಬಳಿ ಕುಳಿತಿರುವವನೆಂದು ಕೆಲವರ ಭಾವನೆ. ಮುಂಬಯಿಯ ಕನ್ನಡ ಲೇಖಕರನ್ನು ನೋಡಿದರೆ ಈ ಭಾವನೆ ನಿಲ್ಲದು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಯಶವಂತ ಚಿತ್ತಾಲರು ಈ ನಗರದ ರಾಸಾಯನಿಕ ಉದ್ಯಮವೊಂದರಲ್ಲಿ ದುಡಿಯುತ್ತಿದ್ದರು. 1979ರಲ್ಲಿ ಬೆಳಕು ಕಂಡ ‘ಶಿಕಾರಿ’ ಕಾದಂಬರಿ ಆ ದುಡಿಮೆಯ ನಡುವಿನ ಫಲ. ಗೋಕರ್ಣದ ಜಯಂತ ಕಾಯ್ಕಿಣಿಯವರು ಇಲ್ಲಿನ ಔಷಧ ತಯಾರಿಕೆಯ ಕಂಪೆನಿಯಲ್ಲಿ ಕೆಲಸಮಾಡುತ್ತಲೇ ಕತೆಗಳನ್ನು ಬರೆದರು. ಅವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯದ 2018ನೆಯ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಸಂದಿತು. ಇವರಿಗೆ ಹೊತ್ತನ್ನು ಯಾರೂ ದಾನವಾಗಿ ಕೊಡಲಿಲ್ಲ. ಉದ್ಯೋಗದ ನಡುವಿನಿಂದಲೇ ಅವರು ಅದನ್ನು ಬಿಡಿಸಿಕೊಂಡರು.

ಅಂತಹ ಹಿರಿಯರ ಸಾಲಿನಲ್ಲಿ ನಿಲ್ಲುವ ಧೈರ್ಯ ನಮಗಿಲ್ಲ. ಆದರೂ ಮುಲುಂಡಿನ ನಮ್ಮ ಪುಟ್ಟ ಮನೆಯ ವಾರಕ್ಕೂ ಒಂದು ಕ್ರಮವಿದೆ. ಸೋಮವಾರದಿಂದ ಗುರುವಾರದವರೆಗೆ ಬೆಳಗ್ಗೆ ಐದರಿಂದ ಆರು ಗಂಟೆಯ ತನಕ ದಿನಕ್ಕೊಂದು ಪುಟ ಬರೆಯುತ್ತೇವೆ. ಬಳಿಕ ಲೋಕಲ್ ಗಾಡಿ. ಮುಲುಂಡಿನಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ನಿಧಾನ ಗಾಡಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ಆ ನೂಕುನುಗ್ಗಲಿನಲ್ಲಿ ಬರೆಯಲು ಕೈಯಾಡದು. ಆದರೆ ಕಿವಿಗೆ ಅಡ್ಡಿಯಿಲ್ಲ. ಮರಾಠಿ, ಗುಜರಾತಿ, ತುಳು, ಕನ್ನಡ ಎಲ್ಲವೂ ಒಂದೇ ಡಬ್ಬಿಯಲ್ಲಿ ಕೇಳಿಬರುತ್ತವೆ. ರಾತ್ರಿ ಮನೆಗೆ ಬಂದು ಅವುಗಳಲ್ಲಿ ಮೂರು ಸಾಲನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸುತ್ತೇವೆ. ಶುಕ್ರವಾರ ಹೊಸದೇನನ್ನೂ ಬರೆಯದೆ ತಿದ್ದುತ್ತೇವೆ; ಶನಿವಾರ ಬೆರಳಚ್ಚು ಮಾಡಿ ಕಳುಹಿಸುತ್ತೇವೆ; ಭಾನುವಾರ ಪರರ ಪುಸ್ತಕ ಓದುತ್ತೇವೆ. ವಾರಕ್ಕೆ ನಾಲ್ಕು ಪುಟವೆಂದರೆ ಅಲ್ಪವೆನಿಸಬಹುದು. ಆದರೆ ಐವತ್ತು ವಾರಗಳಿಗೆ ಅದು ಇನ್ನೂರು ಪುಟ, ಅಂದರೆ ಒಂದು ಪುಸ್ತಕ! ಹನಿ ಹನಿ ಗೂಡಿದರೆ ಹಳ್ಳವೆಂಬ ಮಾತು ಬರೆಹಕ್ಕೂ ಸಲ್ಲುತ್ತದೆ.

ಹಾಗಾದರೆ ಹೊಸ ಮಾಧ್ಯಮಗಳಿಗೆ ಬೆನ್ನು ತಿರುಗಿಸಬೇಕೇ? ಬೇಡ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ತೆರೆದಾಗ ಅದೂ ಹೊಸತೇ ಆಗಿತ್ತು. ಶಿವರಾಮ ಕಾರಂತರು ಮೂಕಚಿತ್ರಗಳನ್ನು ತಯಾರಿಸಿ ನೋಡಿದರು. ಅದರಿಂದ ಅವರ ಕಾದಂಬರಿಗಳ ಸಾಲು ನಿಂತುಹೋಗಲಿಲ್ಲ. ಇಂದು ಮೊಬೈಲಿನಲ್ಲಿ ಕನ್ನಡ ಮೂಡುವುದರ ಹಿಂದೆಯೂ ಬಹುಜನರ ಶ್ರಮವಿದೆ. ಒಂದು ಗಣಕದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿಯೂ ಹಾಗೆಯೇ ಕಾಣಲು ನೆರವಾಗುವ ಯೂನಿಕೋಡ್ ಸಂಕೇತಗಳಲ್ಲಿ ನಮ್ಮ ಲಿಪಿಗೆ 1991ರಲ್ಲಿಯೇ ಸ್ಥಾನ ದೊರೆಯಿತು. ಉಚ್ಚಾರಣೆಯನ್ನನುಸರಿಸಿ ಕನ್ನಡ ಒತ್ತುವ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾಯರು ನಮ್ಮ ಮುಂಬಯಿಯಲ್ಲಿ ಕೆಲಸಮಾಡಿದವರು. ಇಷ್ಟು ಶ್ರಮದಿಂದ ದೊರೆತ ಸೌಕರ್ಯವನ್ನು ಬಳಸದಿರುವುದು ಜಾಣತನವಲ್ಲ.

ಆದರೆ ಜಾಲತಾಣದ ಸ್ವಭಾವವನ್ನು ತಿಳಿದಿರಬೇಕು. ಪುಸ್ತಕಕ್ಕೆ ಕೊನೆಯ ಪುಟವುಂಟು, ಜಾಲತಾಣಕ್ಕೆ ಇಲ್ಲ. ಬೆರಳಾಡಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ನೀವು ಯಾವುದರ ಮುಂದೆ ಹೆಚ್ಚು ಹೊತ್ತು ನಿಂತಿರೆಂಬುದನ್ನು ಯಂತ್ರವು ಲೆಕ್ಕವಿಟ್ಟು ಅಂತಹುದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ನೀವು ಅಲ್ಲಿ ನಿಂತಷ್ಟೂ ಜಾಹೀರಾತುಗಳಿಂದ ಅದರ ಒಡೆಯರಿಗೆ ಆದಾಯ. ಅಲ್ಲಿ ನಾವು ಗಿರಾಕಿಗಳಲ್ಲ, ಸರಕು.

ಇದನ್ನು ಬಲ್ಲೆವಾದರೂ ನಾವೇ ಒಮ್ಮೆ ಎಡವಿದೆವು. ನಮ್ಮ ನೆರೆಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಹುಡುಗನಾಗಿದ್ದಾಗ ಊರು ಬಿಟ್ಟು ಬಂದು, ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಅವರ ಬದುಕನ್ನು ಕತೆಯಾಗಿಸಿ ದೀಪಾವಳಿ ಸಂಚಿಕೆಯೊಂದಕ್ಕೆ ಕೊಡುವುದಾಗಿ ಒಪ್ಪಿದ್ದೆವು. ಅದೇ ತಿಂಗಳು ಹೊಸ ಜಾಲತಾಣವೊಂದನ್ನು ಪರೀಕ್ಷಿಸಲು ಹೊರಟು, ಆ ಹಿರಿಯರ ಒಪ್ಪಿಗೆ ಪಡೆದು ಅವರ ಅನುಭವಗಳನ್ನು ತುಣುಕು ತುಣುಕಾಗಿ ಅಲ್ಲಿ ಹಾಕಿದೆವು. ಮೆಚ್ಚುಗೆಗಳು ಬಂದವು. ಲಾಭವೂ ಆಯಿತೆನ್ನಿ: ನಾವು ‘ಹೋಟೆಲಿನ ಹುಡುಗ’ ಎಂದು ಬರೆದುದನ್ನು ಕಂಡು ಕುಂದಾಪುರದ ಓದುಗರೊಬ್ಬರು “‘ಮಾಣಿ’ ಎನ್ನಿ, ನಮ್ಮ ಕಡೆ ಹಾಗೆಯೇ ಕರೆಯುವುದು” ಎಂದು ತಿದ್ದಿದರು. ಆದರೆ ಬೆಳಗಿನ ಐದು ಗಂಟೆಗೆ ಎದ್ದವರು ಲೇಖನಿಯನ್ನು ಹಿಡಿಯುವ ಬದಲು ಮೆಚ್ಚುಗೆಗಳನ್ನು ಎಣಿಸತೊಡಗಿದೆವು. ಮೂರನೆಯ ವಾರಕ್ಕೆ ಪುಟಗಳು ನಾಲ್ಕರಿಂದ ಒಂದಕ್ಕೆ ಇಳಿದವು. ಸಂಚಿಕೆ ನಮ್ಮ ಕತೆಯಿಲ್ಲದೆಯೇ ಹೊರಬಿತ್ತು. ಆ ಹಿರಿಯರು ಅದನ್ನು ಕೊಂಡು ತಂದು ಮೊದಲಿನಿಂದ ಕೊನೆಯವರೆಗೆ ಹುಡುಕಿದ್ದರು. “ಬರಲಿಲ್ಲವಲ್ಲ, ಮಾರಾಯ್ರೆ” ಎಂದಷ್ಟೆ ಹೇಳಿದರು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ನೋಟನ್ನು ಚಿಲ್ಲರೆಮಾಡಿ ಖರ್ಚುಮಾಡಿದವನ ಸ್ಥಿತಿ ನಮ್ಮದಾಗಿತ್ತು.

ಅಂದಿನಿಂದ ಮೂರು ನಿಯಮಗಳನ್ನು ಪಾಲಿಸುತ್ತಿದ್ದೇವೆ. ಮೊದಲನೆಯದು, ದಿನದ ಪುಟ ಮುಗಿಯುವವರೆಗೆ ಮೊಬೈಲು ಬೇರೊಂದು ಕೋಣೆಯಲ್ಲಿರಬೇಕು. ಎರಡನೆಯದು, ಹೊಸ ಜಾಲತಾಣಕ್ಕೆ ಒಂದು ತಿಂಗಳ ಗಡುವು, ದಿನಕ್ಕೆ ಹದಿನೈದು ನಿಮಿಷದ ಮಿತಿ. ಕೊನೆಗೆ ‘ಎಷ್ಟು ಮೆಚ್ಚುಗೆ ಬಂತು’ ಎಂದಲ್ಲ, ‘ಎಷ್ಟು ಪುಟ ಬರೆದೆವು, ಏನು ಕಲಿತೆವು’ ಎಂದು ಕೇಳಿಕೊಳ್ಳಬೇಕು. ಮೂರನೆಯದು, ಅಲ್ಲಿ ಹಾಕಿದ್ದರ ಪ್ರತಿ ನಮ್ಮಲ್ಲಿಯೇ ಇರಬೇಕು. ಏಕೆಂದರೆ ಜಾಲತಾಣಗಳು ಬಾಡಿಗೆಯ ಮನೆಗಳಿದ್ದಂತೆ. 2004ರಲ್ಲಿ ಹುಟ್ಟಿದ ಆರ್ಕುಟ್ 2014ರಲ್ಲಿ ಮುಚ್ಚಿತು. ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲಿಯೇ ಕಣ್ದೆರೆದ ‘ಕೂ’ ಕೂಡ 2024ರ ಜುಲೈಯಲ್ಲಿ ಬಾಗಿಲು ಹಾಕಿತು.

ವಿದ್ಯಾರ್ಥಿಗಳೇ, ಇದು ಲೇಖಕರಿಗೆ ಮಾತ್ರ ಹೇಳುವ ಮಾತಲ್ಲ. ಚಿತ್ರ ಬಿಡಿಸುವವರಿಗೂ ಗಣಿತ ಬಿಡಿಸುವವರಿಗೂ ವಾರಕ್ಕೆ ಇರುವುದು 168 ಗಂಟೆಗಳೇ. ಒಂದು ಹಾಳೆಯಲ್ಲಿ ಏಳು ಮನೆಗಳನ್ನು ಗೀಚಿ, ಒಂದು ವಾರ ಆ ಗಂಟೆಗಳು ಎಲ್ಲಿ ಹೋದವೆಂದು ಪ್ರಾಮಾಣಿಕವಾಗಿ ಬರೆದಿಡಿರಿ. ಆ ಹಾಳೆಯೇ ನಿಮಗೆ ಗುರುವಾದೀತು.

ಆ ಕತೆಯೇನಾಯಿತೆಂದು ಕೇಳುವಿರಾ? ವಾರಕ್ಕೆ ನಾಲ್ಕು ಪುಟದಂತೆ ಐದು ವಾರಗಳಲ್ಲಿ ಮುಗಿಯಿತು. ಹಿರಿಯರು ಕನ್ನಡಕ ಹಾಕಿಕೊಂಡು ಇಪ್ಪತ್ತು ಪುಟಗಳನ್ನೂ ಓದಿ, ಎರಡು ತಪ್ಪುಗಳನ್ನು ತಿದ್ದಿ, “ಈಗ ಸರಿಯಾಯಿತು” ಎಂದರು. ಯಾವ ಜಾಲತಾಣದಲ್ಲಿಯೂ ಅಂತಹ ಮೆಚ್ಚುಗೆ ನಮಗೆ ದೊರೆತಿರಲಿಲ್ಲ.