ಅಂಗಳ ಆರಿಸಿದ ಆಟ

ಆಡುವ ಆಟವನ್ನು ಮಕ್ಕಳು ತಾವೇ ಆರಿಸಿಕೊಳ್ಳುತ್ತಾರೆಂದು ನಾವು ಭಾವಿಸುತ್ತೇವೆ. ಬೆಂಗಳೂರಿನ ಹೊರವಲಯದ ಸರ್ಕಾರಿ ಪ್ರೌಢಶಾಲೆಗಳನ್ನು ಬಲ್ಲವರಿಗೆ ಬೇರೊಂದು ಸಂಗತಿ ಗೊತ್ತು. ಅಲ್ಲಿ ಆಟವನ್ನು ಆರಿಸುವುದು ಅಂಗಳ.

ನಾನಿರುವುದು ಪೀಣ್ಯದ ನೆರೆಯ ದಾಸರಹಳ್ಳಿಯಲ್ಲಿ. 1970ರ ದಶಕದಲ್ಲಿ ಇಲ್ಲಿ ಕೈಗಾರಿಕಾ ಪ್ರದೇಶ ರೂಪುಗೊಂಡಿತು. ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ಯಂತ್ರಗಳ ಷೆಡ್ಡುಗಳು ಎದ್ದವು. ಅನಂತರ ಸಿದ್ಧ ಉಡುಪಿನ ಕಾರ್ಖಾನೆಗಳು, 2014ರಲ್ಲಿ ಮೆಟ್ರೋ ರೈಲು. ಊರು ಬೆಳೆಯಿತು, ಶಾಲೆಯ ಅಂಗಳ ಬೆಳೆಯಲಿಲ್ಲ. ಹೊಸ ಕೊಠಡಿ, ಅಡುಗೆಮನೆ, ಶೌಚಾಲಯ ಎಲ್ಲವೂ ಬೇಕಾದವೇ. ಆದರೆ ಒಂದೊಂದೂ ಅಂಗಳದ ಒಂದೊಂದು ಮೂಲೆಯನ್ನು ತೆಗೆದುಕೊಂಡಿತು.

ಪೂರ್ಣಪ್ರಮಾಣದ ಫುಟ್‌ಬಾಲ್ ಅಂಕಣಕ್ಕೆ ನೂರು ಮೀಟರಿನಷ್ಟು ಉದ್ದ ಬೇಕು. ಖೋ ಖೋ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಸಾಕು; ಕಬಡ್ಡಿಗೆ ಇನ್ನೂ ಕಡಿಮೆ, 13 ಮತ್ತು 10 ಮೀಟರ್. ಒಂದು ಫುಟ್‌ಬಾಲ್ ಅಂಕಣದಲ್ಲಿ ಹನ್ನೆರಡು ಖೋ ಖೋ ಅಂಕಣಗಳು ಹಿಡಿಸುತ್ತವೆ. ಸಾಮಗ್ರಿಯೆಂದರೆ ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ. ಬಡ ಶಾಲೆಗಳಲ್ಲಿ ಈ ಆಟಗಳು ಉಳಿದಿರುವುದರ ಗುಟ್ಟು ಇದೇ.

ಆದರೆ ಅಗ್ಗದ ಆಟವೆಂದು ಖೋ ಖೋವನ್ನು ಹಗುರವಾಗಿ ಕಾಣಬಾರದು. ಬೆನ್ನಟ್ಟುವ ತಂಡದ ಎಂಟು ಮಂದಿ ನಡುಗೆರೆಯ ಚೌಕಗಳಲ್ಲಿ ಒಬ್ಬರು ಈ ಕಡೆಗೆ, ಮತ್ತೊಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವರು ಬೆನ್ನಟ್ಟಬೇಕು. ಎದುರು ತಂಡದವರು ಮೂವರು ಮೂವರಾಗಿ ಒಳಬರುತ್ತಾರೆ. ಓಡುವವರು ಎತ್ತ ಬೇಕಾದರೂ ನುಸುಳಬಹುದು. ಬೆನ್ನಟ್ಟುವವರು ನಡುಗೆರೆಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಆದ್ದರಿಂದ ವೇಗವೊಂದರಿಂದಲೇ ಗೆಲುವಿಲ್ಲ. ತನಗೆ ಸಿಗದವರು ಯಾರಿಗೆ ಸಿಕ್ಕಾರೆಂದು ಕ್ಷಣದಲ್ಲಿ ತಿಳಿದು, ಕುಳಿತವರ ಬೆನ್ನು ಮುಟ್ಟಿ, ‘ಖೋ’ ಎಂದು ಹೇಳಿ, ಅವರ ಜಾಗದಲ್ಲಿ ತಾನು ಕೂರಬೇಕು. ಕುಳಿತವರೂ ಸುಮ್ಮನೆ ಕುಳಿತವರಲ್ಲ, ಸದಾ ಎಚ್ಚರದಿಂದಿರಬೇಕು. ಒಬ್ಬರ ರೀತಿ ಇನ್ನೊಬ್ಬರಿಗೆ ತಿಳಿಯಲು ತಿಂಗಳುಗಟ್ಟಲೆ ಜೊತೆಯಾಗಿ ಆಡಿರಬೇಕು.

ನಮ್ಮ ಭಾಗದ ಶಾಲೆಗಳಿಗೆ ಕಷ್ಟವಾಗುವುದು ಇಲ್ಲಿಯೇ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ದುಡಿಮೆಗಾಗಿ ಬಂದವರ ಮಕ್ಕಳು ಇಲ್ಲಿ ಹಲವರು. ಬಾಡಿಗೆ ಏರಿದರೆ, ಕೆಲಸ ತಪ್ಪಿದರೆ, ಮನೆ ಬದಲಾಗುತ್ತದೆ, ಅದರೊಡನೆ ಶಾಲೆಯೂ. ಕೆಲವು ವರ್ಷಗಳ ಹಿಂದೆ ನಾನು ಬೆಳಗಿನ ಹೊತ್ತು ನೋಡುತ್ತಿದ್ದ ಬಾಲಕಿಯರ ತಂಡವೊಂದು ಹೋಬಳಿ ಮಟ್ಟದಲ್ಲಿ ಗೆದ್ದಿತು. ತಾಲ್ಲೂಕು ಪಂದ್ಯಕ್ಕೆ ಇನ್ನು ಎಂಟು ದಿನವಿದೆ ಎನ್ನುವಾಗ ಕಂಬದ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಬರಲಿಲ್ಲ. ತಾಯಿಗೆ ಕೆಲಸ ಹೋಗಿ, ಸಂಸಾರ ಊರಿಗೆ ಹಿಂದಿರುಗಿತ್ತು. ದೈಹಿಕ ಶಿಕ್ಷಕರು ನನಗೆ ಹೇಳಿದರು: “ಬದಲಿ ಹುಡುಗಿ ಇದ್ದಾಳೆ ಸಾರ್, ಚೆನ್ನಾಗಿಯೇ ಓಡ್ತಾಳೆ. ಆದರೆ ಇವರು ಯಾವಾಗ ಖೋ ಕೊಡ್ತಾರೆ ಅನ್ನೋದು ಅವಳಿಗೆ ಇನ್ನೂ ಗೊತ್ತಾಗೋಲ್ಲ.” ತಂಡ ಸೋತಿತು. ಶಾಲಾ ಕ್ರೀಡಾಕೂಟದಲ್ಲಿ ಒಂದು ಮೆಟ್ಟಿಲಲ್ಲಿ ಸೋತರೆ ಆ ವರ್ಷ ಮುಗಿಯಿತು. ಹತ್ತನೆಯ ತರಗತಿಯವರಿಗೆ ಶಾಲೆಯ ಆಟವೇ ಮುಗಿಯಿತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆ ಮಹಿಳಾ ತಂಡದಲ್ಲಿದ್ದ ಚೈತ್ರಾ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯ ಮಣ್ಣಿನಿಂದ ಅಷ್ಟು ದೂರ ಹೋಗಬಹುದಾದರೆ, ಪೀಣ್ಯದ ಮಣ್ಣಿನಿಂದಲೂ ಹೋಗಬಹುದು. ಮಣ್ಣು ಉಳಿದಿರಬೇಕು, ಅಷ್ಟೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಬೇಕಾದವುಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಸೇರಿಸಿದೆ.

ಕ್ರೀಡಾಂಗಣ ಕಟ್ಟಿಕೊಡಿರೆಂದು ನಾನು ಕೇಳುತ್ತಿಲ್ಲ. ಮುಂದಿನ ಕೊಠಡಿಗೆ ಗುರುತು ಹಾಕುವಾಗ 27 ಮೀಟರ್ ಉದ್ದ, 16 ಮೀಟರ್ ಅಗಲದ ಒಂದು ತುಂಡು ನೆಲವನ್ನು ಬಿಡಿ. ಆ ಹುಡುಗಿ ಹೋಗಿ ಸೇರಿದ ಊರಿನ ಶಾಲೆಯಲ್ಲಿಯೂ ಎರಡು ಕಂಬಗಳಿರಲಿ.