ಪುಂಡಿಯ ಮಡಿಗೆ ಮಣ್ಣು: ಕೊಪ್ಪಳ ಸೀಮೆಯ ಕೆಲವು ಪದಗಳ ವಿಚಾರ

ತೋಟಗಾರಿಕೆಯ ಕೈಪಿಡಿಗಳಲ್ಲಿ ಕುಂಡದ ಮಣ್ಣನ್ನು ಕುರಿತು ಒಂದು ಸೂತ್ರವು ಬಹುಕಾಲದಿಂದ ನಡೆದುಬಂದಿದೆ. ಕೆಂಪು ಮಣ್ಣು 2 ಪಾಲು, ಮರಳು 1 ಪಾಲು, ಕೊಟ್ಟಿಗೆಯ ಗೊಬ್ಬರ 1 ಪಾಲು ಎಂಬುದೇ ಆ ಸೂತ್ರ. ಬೆಂಗಳೂರು ಮೈಸೂರುಗಳ ಮನೆಯಂಗಳದಲ್ಲಿ ಇದು ನಿರಾತಂಕವಾಗಿ ನಡೆಯುವುದು. ಆದರೆ ಯಲಬುರ್ಗಾದ ಕಡೆಯ ಪಾಠಶಾಲೆಯೊಂದರ ಕೈತೋಟದಲ್ಲಿ ಇದನ್ನೇ ಅನುಸರಿಸಹೊರಟವನು ‘ಕೆಂಪು’ ಎಂಬ ವಿಶೇಷಣವನ್ನು ಅಲಕ್ಷ್ಯಮಾಡಿ, ಕಾಲಕೆಳಗಿನ ಕಪ್ಪು ಮಣ್ಣನ್ನು 2 ಪಾಲು ತುಂಬಿದನೆಂದರೆ, ಮಳೆಯಲ್ಲಿ ಕುಂಡವು ಅಂಟುಕೆಸರಿನ ಗಡಿಗೆಯಾಗಿ, ಬಿಸಿಲಿನಲ್ಲಿ ಅದೇ ಕೆಸರು ಅಂಚು ಬಿಟ್ಟು ಬಿರಿದು ಎಳೆಬೇರುಗಳನ್ನು ಹರಿದುಹಾಕುವುದು. ಇಲ್ಲಿ ತಪ್ಪಿರುವುದು ಗಣಿತದಲ್ಲಲ್ಲ, ಪದಾರ್ಥದಲ್ಲಿ. ‘ಮಣ್ಣು’ ಎಂಬ ಒಂದೇ ಮಾತಿನೊಳಗೆ ಆ ಸೀಮೆಯವರು ಎಷ್ಟು ಭೇದಗಳನ್ನು ಮಾಡಿಕೊಂಡಿರುವರೆಂಬುದನ್ನು ಪುಂಡಿಯೆಂಬ ಸಾಮಾನ್ಯ ಗಿಡವನ್ನು ನೆಪಮಾಡಿಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಪುಂಡಿಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಜೋಳದ ರೊಟ್ಟಿಯೊಡನೆ ಪುಂಡಿಪಲ್ಯವನ್ನು ಉಣ್ಣದ ಮನೆ ಆ ಕಡೆಯಲ್ಲಿ ಅಪರೂಪ. ಅದರ ತೊಗಟೆಯ ನಾರಿನಿಂದ ಹಗ್ಗ ಕಣ್ಣಿಗಳನ್ನು ಹೊಸೆಯುವುದೂ ಹಳೆಯ ರೂಢಿ. ಈ ಗಿಡಕ್ಕೆ ಸಸ್ಯಶಾಸ್ತ್ರಜ್ಞನಾದ ಲಿನೇಯಸನು 1759ರಲ್ಲಿ ಇಟ್ಟ ಹೆಸರು ‘ಹೈಬಿಸ್ಕಸ್ ಕ್ಯಾನಬಿನಸ್’ ಎಂದು; ಅಂದರೆ ಕ್ಯಾನಬಿಸ್ ಗಿಡವನ್ನು, ನಮ್ಮ ಭಂಗಿಯನ್ನು, ಹೋಲುವ ದಾಸವಾಳ. ಸೀಳಿದ ಎಲೆಯ ಆಕಾರವೇ ಹೋಲಿಕೆಗೆ ಆಧಾರ. ಕುಲದಿಂದ ಎರಡಕ್ಕೂ ಯಾವ ನಂಟೂ ಇಲ್ಲ. ಇಂಗ್ಲಿಷಿನ ವ್ಯಾಪಾರಿಗಳಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭಂಗಿಯ ನಾರನ್ನು ‘ಹೆಂಪ್’ ಎಂದೂ, ಪುಂಡಿಯದನ್ನು ‘ಡೆಕ್ಕನ್ ಹೆಂಪ್’ ಎಂದೂ, ಸೆಣಬಿನದನ್ನು ‘ಸನ್ ಹೆಂಪ್’ ಎಂದೂ ಕರೆದರು. ಸೆಣಬು ಅವರೆಯ ಕುಲದ್ದು, ಪುಂಡಿ ದಾಸವಾಳದ ಕುಲದ್ದು, ಭಂಗಿ ಇವೆರಡಕ್ಕೂ ಹೊರಗಿನದು. ಈ ಮೂರನ್ನೂ ಕನ್ನಡಕ್ಕೆ ತರುವಾಗ ‘ಸೆಣಬು’ ಎಂದೇ ಬರೆದುಬಿಡುವ ಭಾಷಾಂತರಕಾರರಿರುವರು. ‘ಗಾಂಜಾ’ ಎಂದೇ ಬರೆದುಬಿಡುವವರೂ ಇರಬಹುದು. ಎರಡನೆಯ ತಪ್ಪು ಹಾಸ್ಯಕ್ಕೆ ಮಾತ್ರ ನಿಲ್ಲುವಂಥದಲ್ಲ; 1985ರ ಮಾದಕವಸ್ತುಗಳ ಕಾಯಿದೆಯ ಮೇರೆಗೆ ಭಂಗಿಯ ಗಿಡವನ್ನು ಅಪ್ಪಣೆಯಿಲ್ಲದೆ ಬೆಳೆಯುವುದು ಅಪರಾಧವಾಗಿರುವಾಗ, ಪಲ್ಯದ ಗಿಡಕ್ಕೆ ಆ ಹೆಸರನ್ನು ಅಂಟಿಸುವುದು ಸಲ್ಲದು.

ಇನ್ನು ಮಣ್ಣಿನ ವಿಚಾರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಪ್ರದೇಶವು 1948ರ ವರೆಗೆ ನಿಜಾಮರ ಸಂಸ್ಥಾನದಲ್ಲಿದ್ದು, ಅನಂತರ ರಾಯಚೂರು ಜಿಲ್ಲೆಗೆ ಸೇರಿ, 1997ರಲ್ಲಿ ಕೊಪ್ಪಳವೆಂಬ ಪ್ರತ್ಯೇಕ ಜಿಲ್ಲೆಯಾಯಿತು. ‘ಕವಿರಾಜಮಾರ್ಗ’ವು ಕನ್ನಡದ ತಿರುಳೆಂದು ಗುರುತಿಸಿದ ಸೀಮೆಯ ನಾಲ್ಕು ಊರುಗಳಲ್ಲಿ ಕೊಪಣವೂ ಒಂದೆಂಬುದು ವಾಚಕರಿಗೆ ತಿಳಿದೇ ಇದೆ. ಅದೇ ಗಣನೆಯಲ್ಲಿ ಬರುವ ಕಿಸುವೊಳಲಿನ ‘ಕಿಸು’ ಎಂದರೆ ಕೆಂಪು. ಹಳಗನ್ನಡದ ‘ಕಿಸು’ ಇಂದು ಬಳಕೆಯಲ್ಲಿ ಅಳಿದಿದೆ. ಕೆಂಪು ಹೊಲಕ್ಕೆ ಈಗ ‘ಮಸಾರಿ’ ಎಂಬ ಮಾತೇ ರೂಢಿ. ಕಪ್ಪು ನೆಲಕ್ಕೆ ‘ಎರೆ’ ಎಂಬುದಾದರೋ ಶಾಸನಗಳ ಕಾಲದಿಂದ ಇಂದಿನ ರೈತನ ಬಾಯವರೆಗೆ ಸವೆಯದೆ ಉಳಿದುಬಂದಿದೆ. ಸಿಂದರ ರಾಜಧಾನಿಯಾಗಿದ್ದ ಎರಂಬರಗೆಯೇ ಈಗಿನ ಯಲಬುರ್ಗಾ. ಆ ಹೆಸರಿನಲ್ಲಿಯೂ ಎರೆಯನ್ನು ಕಾಣಬೇಕೆಂಬ ಆಸೆ ಯಾರಿಗಾದರೂ ಹುಟ್ಟಬಹುದು. ಧ್ವನಿಸಾಮ್ಯ ಒಂದರ ಬಲದ ಮೇಲೆ ಊರ ಹೆಸರನ್ನು ಬಿಡಿಸುವುದು ಅಪಾಯದ ಕೆಲಸವಾದುದರಿಂದ ಆ ಆಸೆಯನ್ನು ಇಲ್ಲಿಗೇ ಬಿಡುವೆವು.

ಎರೆ ಮಸಾರಿಗಳ ಭೇದವು ಬಣ್ಣದ್ದು ಮಾತ್ರವೆಂದು ತಿಳಿದರೆ ಮುಖ್ಯಾಂಶವೇ ತಪ್ಪಿಹೋಗುವುದು. ಎರೆಯಲ್ಲಿ ಜೇಡಿಯ ಅಂಶ ಅಧಿಕ. ಆ ಜೇಡಿಯ ಕಣವು ಪದರ ಪದರವಾಗಿದ್ದು, ನೀರು ಪದರಗಳ ನಡುವೆ ನುಗ್ಗಿದಾಗ ಉಬ್ಬುವುದು, ಆರಿದಾಗ ಕುಗ್ಗುವುದು. ಬೇಸಗೆಯ ಎರೆಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬೀಳುವುದು ಈ ಕಾರಣದಿಂದ. ಮಸಾರಿಯ ಜೇಡಿ ಹಾಗೆ ಉಬ್ಬದು. ಕಬ್ಬಿಣದ ತುಕ್ಕು ಅದಕ್ಕೆ ಬಣ್ಣ ಕೊಟ್ಟಿದೆ. ನೀರು ಬೇಗನೆ ಇಳಿದುಹೋಗುವುದು, ಸಾರವೂ ಅದರೊಡನೆ ಇಳಿಯುವುದು. ಮಳೆ ಕಡಿಮೆಯಾದ ಸೀಮೆಯಲ್ಲಿ ಎರೆಯು ಹಸಿಯನ್ನು ಹಿಡಿದಿಟ್ಟು ಹಿಂಗಾರಿ ಜೋಳ ಕಡಲೆಗಳನ್ನು ಬೆಳೆಸುವುದೇ ಅದರ ಹಿರಿಮೆ. ಹೊಲದಲ್ಲಿ ಹಿರಿಮೆಯಾದ ಈ ಗುಣವೇ ಒಂದು ಮೊಳ ಆಳದ ಕುಂಡದಲ್ಲಿ ದೋಷವಾಗುವುದು. ಅಲ್ಲಿ ನೀರಿಗೆ ಕೆಳಗೆ ಸರಿಯಲು ನೆಲವಿಲ್ಲ, ಬೇರಿಗೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲ. ಪುಂಡಿಯು ಬಡನೆಲವನ್ನು ಸಹಿಸುವುದು, ನಿಂತ ನೀರನ್ನು ಸಹಿಸದು.

ಆದುದರಿಂದ ಎರೆಯ ಸೀಮೆಯವನು ಸೂತ್ರವನ್ನು ತಿರುವಿಹಾಕಬೇಕು: ಎರೆ 1 ಪಾಲು, ಉಸುಕು 2 ಪಾಲು, ಹಳೆಯ ತಿಪ್ಪೆಗೊಬ್ಬರ 1 ಪಾಲು. ಮಸಾರಿ ದೊರೆಯುವಲ್ಲಿ ಉಸುಕಿನ ಒಂದು ಪಾಲನ್ನು ಬಿಟ್ಟು ಮಸಾರಿಯನ್ನು ಸೇರಿಸಬಹುದು. ಎರೆಯ ಹೆಂಟೆಯನ್ನು ಒಣಗಿದಾಗ ಒಡೆಯುವುದು ಕಲ್ಲೊಡೆದಂತೆ, ನೆನೆದಾಗ ಕಲಸುವುದು ಅರಗನ್ನು ಕಲಸಿದಂತೆ. ನಡುವೆ ಒಂದೆರಡು ದಿನ ಮಾತ್ರ ಅದು ಕೈಗೆ ಬಗ್ಗುವ ಸ್ಥಿತಿಯಲ್ಲಿರುವುದು. ಆ ಸ್ಥಿತಿಗೆ ‘ಹದ’ ಎಂದು ಹೆಸರು. ಅಡಿಗೆಯಲ್ಲಿಯೂ ಕಾವ್ಯವಿಮರ್ಶೆಯಲ್ಲಿಯೂ ನಾವು ಧಾರಾಳವಾಗಿ ಬಳಸುವ ಈ ಮಾತು ರೈತನಲ್ಲಿ ಕಾಲದ ಅಳತೆಯೂ ಆಗಿದೆ. ಉಸುಕೆಂದರೆ ಹೊಳೆಯ ಉಸುಕು; ಅದಕ್ಕೆ ಬದಲಾಗಿ ಈಗ ಅಂಗಡಿಯಲ್ಲಿ ದೊರೆಯುವ ಕಲ್ಲುಪುಡಿಯಲ್ಲಿ ನುಣುಪಾದ ಧೂಳು ಇರುವುದರಿಂದ ಜರಡಿ ಹಿಡಿದು ತೊಳೆಯದೆ ಬಳಸಕೂಡದು. ತೆಂಗಿನ ನಾರಿನ ಪುಡಿಯನ್ನೂ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಉಪ್ಪು ತೆಗೆಯಬೇಕು. ಬೇವಿನ ಹಿಂಡಿ ಒಂದು ಕುಂಡಕ್ಕೆ ಒಂದು ಹಿಡಿ ಸಾಕು.

ಒಲೆಯ ಬೂದಿಯನ್ನು ಕುರಿತು ಮಾತ್ರ ಪುಸ್ತಕಗಳ ಉಪದೇಶವನ್ನು ಒಪ್ಪಲಾಗದು. ಮಲೆನಾಡಿನ ಹುಳಿಮಣ್ಣಿಗೆ ಬೂದಿ ಹಿತ. ಎರೆಯಾದರೋ ಮೊದಲೇ ಸುಣ್ಣದ ಹರಳುಗಳಿಂದ ಕೂಡಿ ಕ್ಷಾರದ ಕಡೆಗೆ ಬಾಗಿದೆ. ಹರಳಿನ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ನೊರೆಯೇಳುವುದನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು. ಇಂಥ ಮಣ್ಣಿಗೆ ಬೂದಿಯನ್ನೂ ಸುರಿದರೆ ಕಬ್ಬಿಣ ಸತುವುಗಳು ಮಣ್ಣಿನಲ್ಲಿದ್ದೂ ಗಿಡಕ್ಕೆ ಎಟುಕದೆ, ಚಿಗುರೆಲೆ ಹಳದಿಗಟ್ಟಿ ನರ ಮಾತ್ರ ಹಸುರಾಗಿ ಉಳಿಯುವುದು.

ಗಂಗಾವತಿಯ ಪ್ರಶ್ನೆ ಬೇರೆ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮಿತವಾದ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಭೂಮಿಯಲ್ಲಿ ಬತ್ತ ಹಬ್ಬಿತು. ಬಸಿಗಾಲುವೆಗಳು ಸಾಲದೆ ನೆಲದೊಳಗಿನ ನೀರು ಮೇಲೇರಿತು. ಆ ನೀರು ಆರಿದಲ್ಲಿ ಉಪ್ಪು ಉಳಿಯಿತು. ಇಂಥ ನೆಲಕ್ಕೆ ಜನರು ಹೇಳುವುದು ‘ಸವಳು ಜವಳು’ ಎಂದು. ಇದನ್ನು ಬರಿಯ ಜೋಡುನುಡಿಯೆಂದು, ಎರಡನೆಯ ಪದವನ್ನು ಪ್ರಾಸಕ್ಕಾಗಿ ಹುಟ್ಟಿದ ನಿರರ್ಥಕ ಪದವೆಂದು, ಎಣಿಸುವವರುಂಟು. ಅದು ತಪ್ಪು. ಜವಳೆಂದರೆ ನೀರು ನಿಂತು ಕೆಟ್ಟ ನೆಲ; ಸವಳೆಂದರೆ ಉಪ್ಪೇರಿ ಕೆಟ್ಟ ನೆಲ. ಮೊದಲನೆಯದು ಕಾರಣ, ಎರಡನೆಯದು ಕಾರ್ಯ. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಈ ಭೂಮಿಗಳ ಸುಧಾರಣೆಯನ್ನು ಕುರಿತು ಸಂಶೋಧನೆ ನಡೆದುಬಂದಿದೆ. ಅಲ್ಲಿಯೂ ಬಸಿಯುವಿಕೆಯೇ ಮುಖ್ಯ ಚಿಕಿತ್ಸೆ.

ಕುಂಡಕ್ಕೆ ಮಣ್ಣು ತರುವವನು ಗಾಜಿನ ಸೀಸೆಯೊಂದರಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ಮಳೆಯ ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಬೇಕು. ಉಸುಕು ನಿಮಿಷದೊಳಗೆ ತಳ ಸೇರುವುದು. ಗೋಡು ಒಂದೆರಡು ಗಂಟೆಯಲ್ಲಿ ಇಳಿಯುವುದು. ಜೇಡಿಗೆ ಒಂದೆರಡು ದಿನ ಬೇಕು. ಹಲವು ದಿನವಾದರೂ ನೀರು ತಿಳಿಯಾಗದಿದ್ದರೆ ಆ ಮಣ್ಣಿನಲ್ಲಿ ಸೋಡಿಯಂ ಸೇರಿದೆಯೆಂದು ಸಂಶಯಪಡಬೇಕು. ಬರಿಯ ಉಪ್ಪಾದರೆ ಸಿಹಿನೀರಿನಿಂದ ತೊಳೆದುಹೋಗುವುದು; ಸೋಡಿಯಂ ಜೇಡಿಗೆ ಅಂಟಿಕೊಂಡಿದ್ದರೆ ಜಿಪ್ಸಂ ಬೆರೆಸಿ ಅದನ್ನು ಬಿಡಿಸಿ, ಅನಂತರ ತೊಳೆಯಬೇಕು. ಒಂದೆರಡು ಕುಂಡಗಳಿಗಾಗಿ ಇಷ್ಟು ಶ್ರಮ ಪಡುವುದಕ್ಕಿಂತ ಗುಡ್ಡದ ಕಡೆಯಿಂದ ಎರಡು ಬುಟ್ಟಿ ಮಸಾರಿ ತರುವುದೇ ಲೇಸು.