ಆನೋಡಿಗೆ ಹಿಡಿಯುವ ಮಸಿ

ಸೌದೆಯೊಲೆಯ ಪಾತ್ರೆಗೆ ಮಸಿ ಹಿಡಿದರೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ತೊಳೆಯಬಹುದು. ಕೈಹೋಗದ ಎಡೆಯಲ್ಲಿ ಹಿಡಿದರೆ? ಇಂಧನಕೋಶದ ವಿಜ್ಞಾನಿಗಳನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆಯಿದು.

ಇಂಧನವನ್ನು ಉರಿಸದೆಯೇ ಅದರಿಂದ ವಿದ್ಯುತ್ತನ್ನು ಪಡೆಯುವ ಸಾಧನವೇ ಇಂಧನಕೋಶ. ವಿಲಿಯಂ ಗ್ರೋವ್ ಎಂಬಾತ 1839ರಲ್ಲಿಯೇ ಇದರ ತತ್ತ್ವವನ್ನು ತೋರಿಸಿದನು. ಘನ ಆಕ್ಸೈಡ್ ಕೋಶವೆಂಬ ಬಗೆಯಲ್ಲಿ ದ್ರವವೇ ಇಲ್ಲ. ಯಿಟ್ರಿಯ ಬೆರೆಸಿದ ಜಿರ್ಕೋನಿಯ ಎಂಬ ಪಿಂಗಾಣಿಯಂಥ ವಸ್ತುವಿನ ತೆಳುಬಿಲ್ಲೆ ನಡುವೆ. ಒಂದು ಪಕ್ಕ ಗಾಳಿ, ಇನ್ನೊಂದು ಪಕ್ಕ ಇಂಧನ. ಸುಮಾರು 800 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಗಾಳಿಯ ಆಮ್ಲಜನಕವು ಅಯಾನುಗಳಾಗಿ ಬಿಲ್ಲೆಯನ್ನು ಹಾಯ್ದು ಇಂಧನವನ್ನು ಕೂಡುತ್ತದೆ. ಆಗ ಬಿಡುಗಡೆಯಾದ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿಯುತ್ತವೆ. ಈ ಕೂಡುವಿಕೆಯ ಎಡೆಯೇ ಆನೋಡು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಧನಾಗ್ರ’ವೆಂದು ಹೆಸರು. ವಿದ್ಯುದ್ವಿಭಜನೆಯಲ್ಲಿ ಅದು ಸಲ್ಲುತ್ತದೆ. ಇಂಧನಕೋಶದಲ್ಲಿಯಾದರೋ ಇದೇ ಋಣ ತುದಿ! ಭಾಷೆ ಕಲಿಸುವವನಿಗೆ ಇಂಥ ಹೆಸರು ಮುಜುಗರ. ಆದಕಾರಣ ಆನೋಡೆಂದೇ ಕರೆಯುತ್ತೇನೆ.

ಆನೋಡಿಗೆ ವಾಡಿಕೆಯ ಸಾಮಗ್ರಿ ನಿಕ್ಕಲ್ ಮತ್ತು ಜಿರ್ಕೋನಿಯಗಳ ಮಿಶ್ರಣ. ಜಲಜನಕವನ್ನು ಊಡಿಸಿದರೆ ಅದು ಸೊಗಸಾಗಿ ನಡೆಯುತ್ತದೆ. ಆದರೆ ಜಲಜನಕವನ್ನು ಬಹುಮಟ್ಟಿಗೆ ತಯಾರಿಸುವುದೇ ಮೀಥೇನಿನಿಂದ. ನೆಲದಡಿಯ ಅನಿಲದಲ್ಲಿಯೂ ನಮ್ಮ ಗೋಬರ್ ಗ್ಯಾಸಿನಲ್ಲಿಯೂ ಇರುವ ಆ ಮೀಥೇನನ್ನು ನೇರವಾಗಿಯೇ ಏಕೆ ಊಡಿಸಬಾರದು? ಊಡಿಸಬಹುದು, ಆದರೆ ನಿಕ್ಕಲ್ ಅದನ್ನು ಜಲಜನಕ, ಇಂಗಾಲಗಳಾಗಿ ಒಡೆದುಬಿಡುತ್ತದೆ. ಇಂಗಾಲವು ಮಸಿಯಾಗಿ, ಎಳೆಎಳೆಯಾಗಿ ಆನೋಡಿನ ರಂಧ್ರಗಳಲ್ಲಿ ಬೆಳೆದು, ಲೋಹದ ಕಣಗಳನ್ನೇ ಎಬ್ಬಿಸಿ, ಕಡೆಗೆ ಆನೋಡನ್ನು ಸೀಳುತ್ತದೆ. ಹೇರಳವಾಗಿ ನೀರಾವಿ ಬೆರೆಸಿದರೆ ಮಸಿ ತಗ್ಗುವುದುಂಟು. ಆದರೆ ಆವಿ ಮಾಡಲು ಶಾಖ ಬೇಕು, ಇಂಧನವೂ ತೆಳುವಾಗುತ್ತದೆ.

2000ದಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ನಿಕ್ಕಲನ್ನೇ ಕೈಬಿಟ್ಟು ತಾಮ್ರವನ್ನು ಹಿಡಿದರು. ತಾಮ್ರವು ಮೀಥೇನನ್ನು ಒಡೆಯುವುದರಲ್ಲಿ ಸೋಮಾರಿ. ಅದೇ ಅದರ ಗುಣ. ವಿದ್ಯುತ್ತನ್ನು ಸಾಗಿಸುವುದಷ್ಟೇ ಅದರ ಪಾಲು. ಇಂಧನವನ್ನು ಆಮ್ಲಜನಕದೊಡನೆ ಕೂಡಿಸಲು ಸೀರಿಯವನ್ನು ಜೊತೆಗಿಟ್ಟರು. ಉಪಾಯ ಜಾಣತನದ್ದೇ. ಕೊರತೆಯೆಂದರೆ, ತಾಮ್ರ 1085 ಡಿಗ್ರಿಗೇ ಕರಗುವ ಲೋಹ. ಅದಕ್ಕೆ ಕೆಳಗಿನ ಶಾಖದಲ್ಲಿಯೂ ಅದರ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಕಟ್ಟುತ್ತವೆ.

ಲೋಹವೇ ಬೇಡವೆಂದವರೂ ಇದ್ದಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ 2003ರಲ್ಲಿ ಲ್ಯಾಂಥನಮ್, ಸ್ಟ್ರಾಂಷಿಯಮ್, ಕ್ರೋಮಿಯಮ್, ಮ್ಯಾಂಗನೀಸುಗಳ ಆಕ್ಸೈಡಿನ ಆನೋಡನ್ನು ಮಾಡಿ ತೋರಿಸಿದರು. ಮಸಿಯ ಕಾಟ ತಗ್ಗಿತು. ವಿದ್ಯುದ್ವಾಹಕತೆಯಲ್ಲಿ ಮಾತ್ರ ಅದು ನಿಕ್ಕಲಿಗೆ ಸಮವಲ್ಲ.

ಗೋಬರ್ ಗ್ಯಾಸಿಗೆ ಇನ್ನೊಂದು ತೊಡಕುಂಟು. ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡ್ ಅದರಲ್ಲಿದೆ. ಅದರ ಗಂಧಕ ನಿಕ್ಕಲಿಗೆ ವಿಷ. ಆದುದರಿಂದ ಆ ಅನಿಲವನ್ನು ಮೊದಲು ಕಬ್ಬಿಣದ ಅರಪುಡಿಯ ಮೂಲಕವೋ ಬೇರೆ ವಿಧಾನದಿಂದಲೋ ಶುದ್ಧಿ ಮಾಡಿಯೇ ಕೋಶಕ್ಕೆ ಬಿಡಬೇಕು.